ಹಾಡಿಗೆ ಹೊಂದಿಸಿದ ಸುಡುಮದ್ದು: ನಮ್ಮ ಬೆಡಿಗೂ ಬೇಕಾ?

ಸೀತಾಂಗೋಳಿಯವ
ಕಳೆದ ಜುಲೈಯಲ್ಲಿ ತಂಗಿಯ ಮನೆಗೆಂದು ಕೆನಡಾದ ಮಾಂಟ್ರಿಯಲ್‌ಗೆ ಹೋಗಿದ್ದೆ. ಅಲ್ಲಿ 1985ರಲ್ಲಿ ಶುರುವಾದ ಒಂದು ಸುಡುಮದ್ದಿನ ಸ್ಪರ್ಧೆ ಉಂಟು. ಬೇರೆ ಬೇರೆ ದೇಶದ ತಂಡಗಳು ಬರುತ್ತವೆ. ಒಂದು ರಾತ್ರಿಗೆ ಒಂದೇ ತಂಡ, ಸುಮಾರು ಅರ್ಧ ಗಂಟೆ, ಪೂರ್ತಿ ಹಾಡಿಗೆ ಹೊಂದಿಸಿದ ಪ್ರದರ್ಶನ. ಗೆದ್ದವರಿಗೆ ಜುಪಿಟರ್ ಅಂತ ಪ್ರಶಸ್ತಿ: ಚಿನ್ನ, ಬೆಳ್ಳಿ, ಕಂಚು.

ನಾನು ನಮ್ಮ ಕಾಸರಗೋಡಿನ ಕುಂಬಳೆ ಜಾತ್ರೆಯ ಬೆಡಿ, ಅಂದರೆ ಸುಡುಮದ್ದು, ನೋಡಿ ಬೆಳೆದವ. ಅಪ್ಪನ ಹೆಗಲ ಮೇಲೆ ಕೂತು, ಎರಡೂ ಕಿವಿಗೆ ಬೆರಳಿಟ್ಟು ನೋಡುತ್ತಿದ್ದೆ. ಬೆಡಿ ಅಂದರೆ ಎದೆಗೆ ಗುದ್ದಬೇಕು ಅಂತಲೇ ನಂಬಿದ್ದೆ. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸದ್ದಲ್ಲ. ಪಿಟೀಲಿನಲ್ಲಿ ನಿಧಾನದ ಒಂದು ರಾಗ ನಡೆಯುತ್ತಿತ್ತು. ಒಂದೇ ಒಂದು ಗುಂಡು ಮೇಲೆ ಹೋಯಿತು. ಅಡಿಕೆ ಮರದಲ್ಲಿ ಹಿಂಗಾರ ಬಿಚ್ಚಿಕೊಳ್ಳುತ್ತದಲ್ಲ, ಹಾಗೆ ಬಂಗಾರದ ಎಳೆಗಳು ಬಿಚ್ಚಿಕೊಂಡವು. ಇಳಿದವು, ಇನ್ನೂ ಇಳಿದವು. ಕೊನೆಯ ಎಳೆ ಆರುವುದಕ್ಕೂ ಪಿಟೀಲು ನಿಲ್ಲುವುದಕ್ಕೂ ಸರಿಹೋಯಿತು. ಆಮೇಲೆ ಎರಡು ಸೆಕೆಂಡ್ ಪೂರಾ ಕತ್ತಲೆ. ಅಷ್ಟು ಜನ ಇದ್ದರೂ ಒಬ್ಬರೂ ಸದ್ದು ಮಾಡಲಿಲ್ಲ.

ನಮ್ಮ ಜಾತ್ರೆಗಳಲ್ಲೂ ಹೀಗೆ ಮಾಡಬೇಕು ಅಂತ ನನ್ನ ಆಸೆ. ನೀವೆಲ್ಲ ಏನು ಹೇಳುತ್ತೀರಿ?

ಉಪ್ಪಳ ಕಡಲಕರೆ
ಬೇಡ ಅಣ್ಣ. ಬೆಡಿಗೆ ಹಾಡು ಯಾಕೆ? ಬೆಡಿಯೇ ತಾಳ. ತ್ರಿಶೂರ್ ಪೂರಂ ನೋಡಿ. ಪಾರಮೇಕ್ಕಾವು ದೇವಸ್ಥಾನ ಒಂದು ಕಡೆ, ತಿರುವಂಬಾಡಿ ದೇವಸ್ಥಾನ ಇನ್ನೊಂದು ಕಡೆ. ಅವರದ್ದೂ ಪೈಪೋಟಿಯೇ, ಆದರೆ ತೀರ್ಪು ಮೈದಾನದಲ್ಲಿ ನಿಂತ ಜನರದ್ದು. ನಿಧಾನಕ್ಕೆ ಶುರುವಾಗಿ, ಕಾಲ ಏರುತ್ತ ಏರುತ್ತ, ಕೊನೆಗೆ ಕೂಟ್ಟಪ್ಪೊರಿಚ್ಚಿಲ್‌ನಲ್ಲಿ ಎಲ್ಲ ಒಟ್ಟಿಗೆ ಸಿಡಿಯುತ್ತದೆ. ಚೆಂಡೆ ಮೇಳ ಏರುವುದೂ ಹೀಗೇ ಅಲ್ವಾ? ಅದರ ಮೇಲೆ ರೆಕಾರ್ಡ್ ಹಾಡು ಹಾಕುವುದೆಂದರೆ ಚೆಂಡೆ ಬಾರಿಸುವವರ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟ ಹಾಗೆ.

ಪೆರ್ಲದ ಅಕ್ಕ
ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಅದಕ್ಕೇ ಈ ಪ್ರಶ್ನೆ. ನೀವು ನಿಂತದ್ದು ಎಲ್ಲಿ? ಸದ್ದು ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 340 ಮೀಟರ್ ಹೋಗುತ್ತದೆ. ಬೆಳಕು ಆ ಕ್ಷಣದಲ್ಲೇ ಬಂದು ಮುಟ್ಟುತ್ತದೆ. ಒಂದು ಕಿಲೋಮೀಟರ್ ದೂರ ನಿಂತವರಿಗೆ ಢಂ ಅನ್ನುವುದು ಮೂರು ಸೆಕೆಂಡ್ ತಡವಾಗಿ ಕೇಳುತ್ತದೆ. ಹಾಗಿರುವಾಗ ಹಾಡಿಗೆ ಹೊಂದಿಸುವುದು ಯಾವುದನ್ನು, ಬೆಳಕನ್ನೋ ಸದ್ದನ್ನೋ?

ಸೀತಾಂಗೋಳಿಯವ
ಒಳ್ಳೆಯ ಪ್ರಶ್ನೆ ಅಕ್ಕ. ಬೆಳಕನ್ನು. ಸ್ಪೀಕರ್ ನೋಡುವವರ ಹತ್ತಿರವೇ ಇರುತ್ತದೆ, ಹಾಗಾಗಿ ಹಾಡು ತಡವಾಗುವುದಿಲ್ಲ. ಪಕ್ಕದಲ್ಲಿ ಜಾಕ್ ಕಾರ್ಟಿಯೆ ಅಂತ ದೊಡ್ಡ ಸೇತುವೆ ಉಂಟು. ಆ ರಾತ್ರಿಗಳಲ್ಲಿ ಅದಕ್ಕೆ ವಾಹನ ಬಿಡುವುದಿಲ್ಲ, ಜನ ಅಲ್ಲಿ ನಿಂತು ನೋಡುತ್ತಾರೆ. ಹಾಡು ರೇಡಿಯೋದಲ್ಲೂ ಬರುತ್ತದೆ. ನಾವು ಇನ್ನೊಂದು ದಿನ ಅಲ್ಲೇ ನಿಂತೆವು. ಕಿವಿಯಲ್ಲಿ ಹಾಡು, ಕಣ್ಣೆದುರು ಬಣ್ಣ, ಎರಡೂ ಸರಿಯಾಗಿ ಕೂಡುತ್ತವೆ. ಸಿಡಿಯುವ ಸದ್ದು ಮಾತ್ರ ಆಮೇಲೆ ಬರುತ್ತದೆ.

ಅಡೂರು ಸೌಂಡ್ಸ್
ನಾನು ಮೈಕ್ ಸೆಟ್ ಇಡುವವ. ಈ ಕೆಲಸದ ಕಷ್ಟ ಬೇರೆ ಕಡೆ ಉಂಟು. ಗುಂಡು ಮೇಲೆ ಹೋಗಲು ಹೊತ್ತು ಬೇಕಲ್ಲ? ಗುಂಡಿನ ಅಡ್ಡಳತೆಯ ಒಂದೊಂದು ಇಂಚಿಗೆ ಸುಮಾರು ನೂರು ಅಡಿ ಅಂತ ಲೆಕ್ಕ. ಮೂರು ಇಂಚಿನ ಗುಂಡು 300 ಅಡಿ ಏರಿ ಒಡೆಯುತ್ತದೆ. ದೊಡ್ಡದು ಇನ್ನೂ ಮೇಲೆ ಹೋಗುತ್ತದೆ, ಇನ್ನೂ ತಡ. ಅಂದರೆ ತಾಳದ ಪೆಟ್ಟು ಬೀಳುವ ಮೊದಲೇ, ಕೆಲವು ಸೆಕೆಂಡ್ ಮುಂಚೆ, ಕಿಡಿ ಕೊಡಬೇಕು. ಒಂದೊಂದು ಗುಂಡಿಗೂ ಬೇರೆ ಲೆಕ್ಕ. ಅದಕ್ಕೇ ಬತ್ತಿಗೆ ಕೈಯಲ್ಲಿ ಬೆಂಕಿ ಕೊಡದೆ ಕಂಪ್ಯೂಟರ್‌ನಿಂದ ಕರೆಂಟ್ ಕಳಿಸುತ್ತಾರೆ.

ಇದನ್ನು ಯಂತ್ರದ ಕೆಲಸ ಅಂತ ಕಡೆಗಣಿಸಬೇಡಿ. ತಿಂಗಳುಗಟ್ಟಲೆ ಒಂದೇ ಹಾಡು ಕೇಳಿ ಕೇಳಿ ಬರೆದವರು ಮನುಷ್ಯರೇ.

ಉಪ್ಪಳ ಕಡಲಕರೆ
ಒಪ್ಪಿದೆ. ಆದರೂ ಒಂದು ಮಾತು. ನನ್ನ ಅಜ್ಜ ದೇವಸ್ಥಾನದಲ್ಲಿ ಕದಿನ ಇಡುತ್ತಿದ್ದರು. ಕಬ್ಬಿಣದ ಕೊಳವೆಗೆ ಮದ್ದು ಹಾಕಿ, ಮೇಲೆ ಇಟ್ಟಿಗೆ ಪುಡಿ ತುಂಬಿ, ಕೋಲಿನಿಂದ ಜಡಿಯುತ್ತಿದ್ದರು. ಜಡಿಯುವ ಸದ್ದು ಬದಲಾದದ್ದು ಕೇಳಿಯೇ ಸಾಕು ಅಂತ ನಿಲ್ಲಿಸುತ್ತಿದ್ದರು. ದೇವರ ಬಲಿ ಮೆರವಣಿಗೆ ಹೊರಟ ಹೊತ್ತಿಗೆ, ದೇವರು ಬಾಗಿಲು ದಾಟಿದ ಹೊತ್ತಿಗೆ ಸರಿಯಾಗಿ ಬೆಂಕಿ ಕೊಡುತ್ತಿದ್ದರು. ಒಳಗಿನ ಚೆಂಡೆಯನ್ನು ಹೊರಗೆ ನಿಂತು ಕೇಳಿ ಹೊಂದಿಸುವುದು ಅದು. ನಮ್ಮಲ್ಲಿ ಹೊಂದಿಸುವ ವಿದ್ಯೆ ಇರಲಿಲ್ಲ ಅಂತ ಯಾರೂ ತಿಳಿಯಬಾರದು.

ನೀಲೇಶ್ವರದವಳು
ಎಲ್ಲರೂ ಚಂದ ಬರೆದಿದ್ದೀರಿ. ನನಗೆ ಮಾತ್ರ ಬೆಡಿ ಅಂದಾಗ ಮೊದಲು ನೆನಪಾಗುವುದು 2024ರ ಅಕ್ಟೋಬರ್. ನಮ್ಮೂರಿನ ತೆಯ್ಯಂ ಕಳಿಯಾಟದಲ್ಲಿ (ದೈವಗಳ ಕೋಲದ ಉತ್ಸವ), ಜನ ನಿಂತ ಜಾಗದ ಹತ್ತಿರವೇ ಇಟ್ಟಿದ್ದ ಪಟಾಕಿಗೆ ಕಿಡಿ ಬಿತ್ತು. 150ಕ್ಕಿಂತ ಜಾಸ್ತಿ ಜನರಿಗೆ ಗಾಯ. ಕೆಲವರು ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. 2016ರ ಏಪ್ರಿಲ್‌ನಲ್ಲಿ ಕೊಲ್ಲಂ ಹತ್ತಿರದ ಪುಟ್ಟಿಂಗಲ್‌ನಲ್ಲಿ ದೇವಸ್ಥಾನದ ಬೆಡಿಯಲ್ಲಿ ನೂರಕ್ಕೂ ಹೆಚ್ಚು ಜನ ತೀರಿಹೋದರು. ಅಲ್ಲಿ ಪೈಪೋಟಿಯ ಬೆಡಿಗೆ ಅನುಮತಿಯೇ ಇರಲಿಲ್ಲ.

ನಾನು ಬೆಡಿ ನಿಲ್ಲಿಸಿ ಅನ್ನುತ್ತಿಲ್ಲ. ಮಾಂಟ್ರಿಯಲ್‌ನಿಂದ ತರುವುದಿದ್ದರೆ ಹಾಡಿಗಿಂತ ಮೊದಲು ದೂರವನ್ನು ತನ್ನಿ. ಮದ್ದು ಒಂದು ಕಡೆ, ಜನ ಇನ್ನೊಂದು ಕಡೆ, ನಡುವೆ ಖಾಲಿ ಜಾಗ. ಒಂದು ರಾತ್ರಿಗೆ ಒಂದೇ ತಂಡ ಅನ್ನುವುದೂ ಒಳ್ಳೆಯದೇ. ಎದುರಾಳಿ ಅಲ್ಲೇ ನಿಂತಿದ್ದರೆ ಅವನಿಗಿಂತ ಜೋರು ಮಾಡುವ ಹಠ ಬರುತ್ತದೆ.

ಪೆರ್ಲದ ಅಕ್ಕ
ಇದು ಸರಿ ತಂಗಿ. ಪೈಪೋಟಿ ಯಾವುದರಲ್ಲಿ ಅನ್ನುವುದೇ ಮುಖ್ಯ. ಸದ್ದಿನಲ್ಲಾದರೆ ಕೊನೆಯೇ ಇಲ್ಲ. ಬಣ್ಣದಲ್ಲಿ ಆಗಲಿ. ನೀಲಿ ಬಣ್ಣ ತರುವುದು ಎಷ್ಟು ಕಷ್ಟ ಗೊತ್ತಾ? ಕೆಂಪಿಗೆ ಸ್ಟ್ರಾನ್ಷಿಯಂ, ಹಳದಿಗೆ ಸೋಡಿಯಂ, ಇವು ಸುಲಭ. ನೀಲಿಗೆ ತಾಮ್ರ ಬೇಕು. ಬಿಸಿ ಸ್ವಲ್ಪ ಜಾಸ್ತಿಯಾದರೂ ಆ ನೀಲಿ ಮಾಸಿಹೋಗುತ್ತದೆ. ಒಳ್ಳೆಯ ನೀಲಿ ಕಂಡರೆ ಮಾಡಿದವನ ಕೈ ಪಳಗಿದೆ ಅಂತ ಲೆಕ್ಕ.

ಸೀತಾಂಗೋಳಿಯವ
ನೀಲೇಶ್ವರದ ಅಕ್ಕ ಹೇಳಿದ ಮೇಲೆ ನನ್ನ ಆಸೆಯನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಹಾಡು ಇಲ್ಲದಿದ್ದರೂ ನಡೆದೀತು. ನನಗೆ ಬೇಕಾದದ್ದು ಆ ಎರಡು ಸೆಕೆಂಡಿನ ಕತ್ತಲೆ. ನಮ್ಮಲ್ಲಿ ಒಂದರ ಮೇಲೊಂದು ಬಿಡುತ್ತ ಹೋಗುತ್ತಾರೆ, ಮೊದಲಿನದ್ದು ಹೊಗೆಯಲ್ಲಿ ಮುಚ್ಚಿಹೋಗುತ್ತದೆ. ಒಂದನ್ನು ಪೂರ್ತಿ ಆರಲು ಬಿಡಬಹುದಲ್ವಾ?

ಉಪ್ಪಳ ಕಡಲಕರೆ
ಅದಕ್ಕೆ ನಾನೂ ಸೈ. ಚೆಂಡೆಯಲ್ಲೂ ಬಿಡುವಿಗೆ ಬೆಲೆ ಉಂಟು.

ಅಡೂರು ಸೌಂಡ್ಸ್
ಜನವರಿಯಲ್ಲಿ ಕುಂಬಳೆಗೆ ಯಾರೆಲ್ಲ ಬರುತ್ತೀರಿ?

ಪೆರ್ಲದ ಅಕ್ಕ
ನಾನು ಬರುತ್ತೇನೆ, ಮಕ್ಕಳನ್ನೂ ಕರೆದುಕೊಂಡು. ಹತ್ತಿರ ಬೇಡ, ದೂರದ ಗುಡ್ಡೆಯಲ್ಲಿ ನಿಲ್ಲುವ. ಬೆಳಕು ಕಂಡಲ್ಲಿಂದ ಸದ್ದು ಬರುವವರೆಗೆ ಅವರು ಎಣಿಸಲಿ. ದೇವಸ್ಥಾನ ಅಲ್ಲಿಂದ ಎಷ್ಟು ದೂರ ಅಂತ ಅವರೇ ಹೇಳುತ್ತಾರೆ.