ಹೈ ಚೇರ್‌ನಿಂದ ಇಳಿದವಳನ್ನು ಎಲ್ಲಿ ಕೂರಿಸೋದು?

ಮದ್ದೂರಿನ ಸೊಸೆ

ಮಗಳಿಗೆ ಈಗ 21 ತಿಂಗಳು. ಏಳನೇ ತಿಂಗಳಿಂದ ಹೈ ಚೇರ್‌ನಲ್ಲೇ ಊಟ. ಇಷ್ಟು ದಿನ ಏನೂ ತಕರಾರು ಇರಲಿಲ್ಲ. ಈಗ ಹದಿನೈದು ದಿನದಿಂದ ಕೂರಿಸೋಕೆ ಹೋದರೆ ಸಾಕು, ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಕಾಲು ಎರಡೂ ನೆಟ್ಟಗೆ ಮಾಡಿಕೊಂಡು, ಟ್ರೇ ಕೆಳಗೆ ತೂರಿಸೋಕೇ ಬಿಡುವುದಿಲ್ಲ. ಹೇಗೋ ಕೂರಿಸಿ ಬೆಲ್ಟ್ ಹಾಕಿದೆವು ಅಂತಿಟ್ಟುಕೊಳ್ಳಿ, ಮೊದಲ ತುತ್ತು ನನ್ನ ಮುಖಕ್ಕೆ. ನಿನ್ನೆ ಮೊಸರನ್ನ.

ಇಳಿಸಿದ ತಕ್ಷಣ ಸೀದಾ ಹೋಗಿ ಮಾವನವರ ತೊಡೆ ಹತ್ತುತ್ತಾಳೆ. ಅವರ ತಟ್ಟೆಯಿಂದ ಮುದ್ದೆ, ಬಸ್ಸಾರು ಎರಡೂ ಕೈಯಲ್ಲಿ ತಿನ್ನುತ್ತಾಳೆ. ಅದೇ ಮುದ್ದೆ, ಅದೇ ಬಸ್ಸಾರು ಐದು ನಿಮಿಷದ ಹಿಂದೆ ಅವಳ ಟ್ರೇಯಲ್ಲಿ ಇತ್ತು. ಮೂಸಿಯೂ ನೋಡಿರಲಿಲ್ಲ.

ಸರಿ, ಇನ್ನು ನಮ್ಮ ಜೊತೆ ಟೇಬಲ್‌ಗೇ ಕೂರಿಸೋಣ ಅಂದುಕೊಂಡೆ. ಆಗ ಹೊಳೆಯಿತು ನೋಡಿ. ನಮ್ಮ ಮನೆಯಲ್ಲಿ ಡೈನಿಂಗ್ ಟೇಬಲ್ ಇದೆ, ಆದರೆ ಅದರಲ್ಲಿ ಯಾರೂ ಊಟ ಮಾಡುವುದಿಲ್ಲ! ಅದರ ಮೇಲೆ ಹಳೇ ಪೇಪರ್, ಕರೆಂಟ್ ಬಿಲ್, ಇಸ್ತ್ರಿಗೆ ಹೋಗಬೇಕಾದ ಬಟ್ಟೆ, ಉಪ್ಪಿನಕಾಯಿ ಜಾಡಿ. ಮಾವನವರು ಟಿವಿ ಎದುರು ಚಾಪೆ ಹಾಕಿಕೊಂಡು 8 ಗಂಟೆಗೆ ಸರಿಯಾಗಿ ಊಟ ಮಾಡುತ್ತಾರೆ. ಅತ್ತೆಯದು ಎಲ್ಲರದೂ ಮುಗಿದ ಮೇಲೆ, ಅಡುಗೆಮನೆ ಕಟ್ಟೆ ಹತ್ತಿರ ನಿಂತುಕೊಂಡೇ. ನಮ್ಮನೆಯವರು ಬರೋದು ಒಂಬತ್ತೂವರೆಗೆ, ತಟ್ಟೆ ಹಿಡಿದು ಸೋಫಾಕ್ಕೆ. ನಾನು ಮಗಳು ಬಿಟ್ಟದ್ದನ್ನು ತಿಂದು ತಿಂದೇ ಅರ್ಧ ಹೊಟ್ಟೆ ತುಂಬಿಸಿಕೊಂಡಿರುತ್ತೇನೆ. ಇವಳನ್ನು ಯಾರ ಜೊತೆ, ಯಾವ ಟೇಬಲ್‌ಗೆ ಕೂರಿಸಲಿ?

ಆದರೂ ಕಳೆದ ಭಾನುವಾರ ಟೇಬಲ್ ಖಾಲಿ ಮಾಡಿ ಎಲ್ಲರೂ ಕೂತೆವು. ಕುರ್ಚಿ ಮೇಲೆ ಎರಡು ದಿಂಬು ಹಾಕಿ ಅವಳನ್ನು ಕೂರಿಸಿದ್ದೆ. ದಿಂಬು ಜಾರಿತು. ಜಾರುವಾಗ ಅವಳು ಹಿಡಿದುಕೊಂಡಿದ್ದು ಟೇಬಲ್ ಮೇಲಿನ ಪ್ಲಾಸ್ಟಿಕ್ ಹಾಸು. ಹಾಸಿನ ಜೊತೆ ತಿಳಿಸಾರಿನ ಪಾತ್ರೆ ಅರ್ಧ ಅಡಿ ಅವಳ ಕಡೆ ಬಂತು. ಇವರು ಹಿಡಿದರು. ಸಾರು ಅಷ್ಟೇನೂ ಬಿಸಿ ಇರಲಿಲ್ಲ, ಆದರೂ ನನಗೆ ಆಮೇಲೆ ಊಟ ಸೇರಲಿಲ್ಲ.

ದೊಡ್ಡವರ ಕುರ್ಚಿ ಮೇಲೆ ಕಟ್ಟಿ ಮಗುವನ್ನು ಎತ್ತರಕ್ಕೆ ಕೂರಿಸೋ ಬೂಸ್ಟರ್ ಸೀಟ್ ತಗೊಳ್ಳಬೇಕಾ? 2 ವರ್ಷ ಆಗುವವರೆಗೆ ಅತ್ತರೂ ಪರವಾಗಿಲ್ಲ ಅಂತ ಹೈ ಚೇರ್‌ನಲ್ಲೇ ಇರಿಸಬೇಕಾ? ಇನ್ನೊಂದು. ಮಾವನವರು ಅವಳಿಗೆ ಈಗಲೇ "ಮುದ್ದೆ ಅಗಿಯಬಾರದು ಕಂದ, ನುಂಗಬೇಕು" ಅಂತ ಪಾಠ ಶುರು ಮಾಡಿದ್ದಾರೆ. ಅವರಿಗೆ ಏನೂ ಹೇಳುವ ಹಾಗಿಲ್ಲ. ನನಗೆ ಎದೆ ಡವಡವ.

ಎರಡು ಮಕ್ಕಳಮ್ಮ, ದಾವಣಗೆರೆ

ಬೆನ್ನು ಬಿಲ್ಲು ಮಾಡ್ತಿದ್ದಾಳೆ ಅಂದರೆ ಮುಗಿಯಿತು, ಹೈ ಚೇರ್ ಆಟ ಅಲ್ಲಿಗೆ ಸಾಕು. ನನ್ನ ದೊಡ್ಡವನು 18 ತಿಂಗಳಿಗೆ ಬೆಲ್ಟ್ ಬಿಚ್ಚಿಕೊಂಡು ಟ್ರೇ ಮೇಲೆ ಎದ್ದು ನಿಂತಿದ್ದ. ಅದು ಕುರ್ಚಿಯಿಂದ ಬೀಳೋದಕ್ಕಿಂತ ಎತ್ತರ. ಎರಡನೆಯವಳು ಎರಡೂವರೆ ವರ್ಷದವರೆಗೂ ಹಾಯಾಗಿ ಕೂತಳು. ಇದಕ್ಕೆ ಇಂತಿಷ್ಟೇ ತಿಂಗಳು ಅನ್ನೋ ಲೆಕ್ಕ ಇಲ್ಲ.

ಬೂಸ್ಟರ್ ತಗೊಂಡರೆ ಕೆಳಗೂ ಹಿಂದೂ ಎರಡು ಕಡೆ ಬೆಲ್ಟ್ ಇರೋದನ್ನೇ ತಗೊಳ್ಳಿ. ಮರದ ಗಟ್ಟಿ ಕುರ್ಚಿಗೆ ಕಟ್ಟಿ. ಪ್ಲಾಸ್ಟಿಕ್ ಕುರ್ಚಿಗೆ ಮಾತ್ರ ಕಟ್ಟಬೇಡಿ. ಟೇಬಲ್‌ಗೆ ಕಾಲು ಕೊಟ್ಟು ಒಂದು ಸಲ ಒದ್ದರೆ ಕುರ್ಚಿ ಸಮೇತ ಹಿಂದಕ್ಕೆ ಹೋಗುತ್ತಾರೆ. ಮತ್ತೆ ಆ ಪ್ಲಾಸ್ಟಿಕ್ ಹಾಸನ್ನು ಇವತ್ತೇ ತೆಗೆಯಿರಿ.

ಓಸ್ಲೊದಿಂದ ಒಬ್ಬ ಅಪ್ಪ

ಬೂಸ್ಟರ್‌ಗಿಂತ ಮೊದಲು ಅವಳ ಕಾಲು ಎಲ್ಲಿದೆ ನೋಡಿ. ದೊಡ್ಡವರ ಕುರ್ಚಿಯಲ್ಲಿ ಮಗುವಿನ ಕಾಲು ನೇತಾಡುತ್ತಿರುತ್ತದೆ. ನೀವೇ ಬಾರ್ ಸ್ಟೂಲ್ ಮೇಲೆ ಕಾಲಿಗೆ ಆಸರೆ ಇಲ್ಲದೆ ಕೂತು ಊಟ ಮಾಡಿ ನೋಡಿ. ಹತ್ತು ನಿಮಿಷಕ್ಕೆ ಹೊರಳಾಡೋಕೆ ಶುರು ಮಾಡುತ್ತೀರಿ. ಮಕ್ಕಳು ಮಾಡೋದೂ ಅದನ್ನೇ, ನಾವು ತುಂಟತನ ಅನ್ನುತ್ತೇವೆ.

ಇಲ್ಲಿ ಬಹಳ ಮನೆಗಳಲ್ಲಿ ಟ್ರಿಪ್ ಟ್ರಾಪ್ ಅನ್ನೋ ಮರದ ಕುರ್ಚಿ ಇರುತ್ತದೆ. 1972ರದ್ದು, ಪೀಟರ್ ಒಪ್ಸ್ವಿಕ್ ಅನ್ನೋ ನಾರ್ವೆಯವರೇ ಮಾಡಿದ್ದು. ಅವರ ಎರಡು ವರ್ಷದ ಮಗ ಊಟದ ಟೇಬಲ್‌ನಲ್ಲಿ ಕಾಲು ನೇತುಹಾಕಿಕೊಂಡು, ಕೈ ಎಟುಕದೆ ಒದ್ದಾಡೋದನ್ನು ನೋಡಿ ಮಾಡಿದರಂತೆ. ಅದರಲ್ಲಿ ಎರಡು ಹಲಗೆ, ಒಂದು ಕೂರೋಕೆ, ಒಂದು ಕಾಲಿಡೋಕೆ. ಮಗು ಬೆಳೆದ ಹಾಗೆ ಎರಡನ್ನೂ ಕೆಳಗೆ ಇಳಿಸುತ್ತಾ ಹೋಗೋದು. ಟ್ರೇ ಇಲ್ಲದೆ ನೇರವಾಗಿ ಟೇಬಲ್‌ಗೇ ದೂಡಬಹುದು. ಅದನ್ನು ಅಲ್ಲಿಗೆ ತರಿಸಿ ಅಂತ ಹೇಳುತ್ತಿಲ್ಲ, ಬೆಲೆ ಕೇಳಿದರೆ ನೀರು ಕುಡಿಯಬೇಕಾಗುತ್ತದೆ. ಲೆಕ್ಕ ಮಾತ್ರ ತಗೊಳ್ಳಿ. ಕೂತಾಗ ಮೊಣಕೈ ಟೇಬಲ್ ಮಟ್ಟಕ್ಕೆ ಬರಬೇಕು. ಪಾದ ಪೂರ್ತಿ ಯಾವುದರ ಮೇಲಾದರೂ ಊರಬೇಕು. ನಿಮ್ಮ ಟೇಬಲ್ ಅಳತೆ ಹೇಳಿ.

ಮದ್ದೂರಿನ ಸೊಸೆ

ಟೇಪ್ ಹಿಡಿದೆ. ಟೇಬಲ್ 30 ಇಂಚು, ಕುರ್ಚಿ ಸೀಟು 18. ಅವಳು ಕೂತರೆ ಟೇಬಲ್ ಅಂಚು ಗದ್ದಕ್ಕೆ ಬರುತ್ತದೆ. ಬಾವಿಕಟ್ಟೆಯಿಂದ ಇಣುಕಿದ ಹಾಗೆ ಕಾಣುತ್ತಾಳೆ. ಮಂಡಿಯಿಂದ ಪಾದಕ್ಕೆ 8 ಇಂಚು.

ಓಸ್ಲೊದಿಂದ ಒಬ್ಬ ಅಪ್ಪ

ಹಾಗಾದರೆ ಸೀಟನ್ನು 6 ಇಂಚು ಎತ್ತರಿಸಬೇಕು, 24 ಆಯಿತು. ಅದರಿಂದ 8 ಕೆಳಗೆ, ಅಂದರೆ ನೆಲದಿಂದ 16 ಇಂಚಿಗೆ ಕಾಲಿಡೋ ಹಲಗೆ. ಕುರ್ಚಿಯ ಮುಂದಿನ ಎರಡು ಕಾಲಿಗೆ ಬಡಗಿ ಹತ್ತಿರ ಒಂದು ಹಲಗೆ ಹೊಡೆಸಿ. ಅರ್ಧ ಗಂಟೆ ಕೆಲಸ.

ಶಿರಸಿ ಅಜ್ಜಿ

ತಂಗಿ, ನಿಮ್ಮ ಮಾವನವರು ನೆಲದ ಮೇಲೇ ಕೂತು ಉಣ್ಣುತ್ತಾರಲ್ಲ, ಮತ್ತೆ ಯಾಕೆ ಇಷ್ಟೊಂದು ಟೇಪು, ಬಡಗಿ? ಒಂದು ಸಣ್ಣ ಮಣೆ ತಗೊಂಡು ಅವರ ಪಕ್ಕ ಹಾಕು. ನೆಲದಿಂದ ಕೆಳಗೆ ಬೀಳೋಕೆ ಜಾಗ ಇಲ್ಲ. ನನ್ನ ನಾಲ್ಕು ಮೊಮ್ಮಕ್ಕಳೂ ಹಾಗೇ ಕಲಿತದ್ದು. ಮಣೆ ಅವಳದ್ದೇ ಆಗಿರಬೇಕು, ಅವಳೇ ಎತ್ತಿಕೊಂಡು ಬರುವಷ್ಟು ಹಗುರ ಇರಬೇಕು. ಒಂದು ವಾರ ಕೂರುತ್ತಾಳೆ, ಏಳುತ್ತಾಳೆ, ಮತ್ತೆ ಕೂರುತ್ತಾಳೆ. ತುತ್ತು ಹಿಡಿದು ಹಿಂದೆ ಓಡಬೇಡ. ಎದ್ದರೆ ಊಟ ಆಯಿತು ಅಂತ ಲೆಕ್ಕ.

ಒಂದು ಕೇಳಲಾ? ನಿಮ್ಮ ಅತ್ತೆ ಯಾಕೆ ನಿಂತುಕೊಂಡು ಉಣ್ಣುತ್ತಾರೆ?

ಮಕ್ಕಳ ವಾರ್ಡಿನ ನರ್ಸ್

ಮಣೆಯೋ ಕುರ್ಚಿಯೋ, ನಿಮ್ಮಿಷ್ಟ. ನನಗೆ ಚಿಂತೆ ತಟ್ಟೆಯದ್ದು. ಹೈ ಚೇರ್‌ನಲ್ಲಿದ್ದಾಗ ನೀವು ಇಟ್ಟದ್ದಷ್ಟೇ ಮಗುವಿನ ಬಾಯಿಗೆ ಹೋಗುತ್ತಿತ್ತು. ಈಗ ದೊಡ್ಡವರ ತಟ್ಟೆ ಕೈಗೆ ಸಿಗುತ್ತದೆ. ಚಿತ್ರಾನ್ನದ ಕಡಲೆಕಾಯಿ ಬೀಜ, ಉಪ್ಪಿಟ್ಟಿನ ಗೋಡಂಬಿ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು, ಮಿಕ್ಸ್ಚರ್. ಕಡಲೆಕಾಯಿ ಬೀಜ ಇಡಿಯಾಗಿ 5 ವರ್ಷದವರೆಗೆ ಬೇಡವೇ ಬೇಡ, ಪುಡಿ ಮಾಡಿ ಹಾಕಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ.

ಮುದ್ದೆ ವಿಷಯ. ನುಂಗೋದು ದೊಡ್ಡವರ ವಿದ್ಯೆ. ಹಾಲುಹಲ್ಲಲ್ಲಿ ಕೊನೆಯ ದವಡೆ ಹಲ್ಲು ಬರೋದೇ ಎರಡರಿಂದ ಮೂರು ವರ್ಷದೊಳಗೆ. ಕಡಲೆಕಾಳಿನಷ್ಟು ಚಿವುಟಿ, ಸಾರಲ್ಲಿ ಚೆನ್ನಾಗಿ ಅದ್ದಿ ಕೊಡಿ, ಅಗಿಯಲಿ. ಮಾವನವರಿಗೆ "ನುಂಗೋ ಪಾಠ ಸ್ಕೂಲಿಗೆ ಸೇರಿದ ಮೇಲೆ ನೀವೇ ಹೇಳಿಕೊಡಿ" ಅನ್ನಿ. ಬೇಡ ಅಂದ ಹಾಗೆ ಆಗುವುದಿಲ್ಲ, ಮುಂದಕ್ಕೆ ಹಾಕಿದ ಹಾಗೆ ಆಗುತ್ತದೆ.

ಓಕರಿಸುತ್ತಾ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಇಲ್ಲ, ಉಸಿರು ಬರುತ್ತಿಲ್ಲ ಅಂದರೆ ಮುಂದಕ್ಕೆ ಬಗ್ಗಿಸಿ, ಎರಡು ಹೆಗಲ ಮೂಳೆ ನಡುವೆ ಅಂಗೈ ಬುಡದಿಂದ 5 ಸಲ ಗಟ್ಟಿಯಾಗಿ ಹೊಡೆಯಿರಿ. ಕಾಣದ ತುತ್ತನ್ನು ಹುಡುಕಲು ಬಾಯೊಳಗೆ ಬೆರಳು ಹಾಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಈ ಹೊಡೆತ, ಅದರ ಮುಂದಿನ ಹೆಜ್ಜೆ ಎರಡನ್ನೂ ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಕೈಯಲ್ಲಿ ಮಾಡಿ ತೋರಿಸಿಕೊಳ್ಳಿ, ಮಾವನವರನ್ನೂ ಕರೆದುಕೊಂಡು ಹೋಗಿ.

ಸಾರು ಚೆಲ್ಲಿದರೆ ನಲ್ಲಿ ನೀರು, 20 ನಿಮಿಷ. ಟೂತ್‌ಪೇಸ್ಟ್ ಅಲ್ಲ. ನೆಲದಲ್ಲಿ ಕೂತರೆ ಸಾರಿನ ಪಾತ್ರೆಯೂ ನೆಲದಲ್ಲೇ ಇರುತ್ತದೆ, ಅದನ್ನು ಮರೆಯಬೇಡಿ ಅಜ್ಜಿ.

ಶಿರಸಿ ಅಜ್ಜಿ

ಅದು ಸರಿ ಮಗಾ. ಪಾತ್ರೆ ಬಡಿಸುವವರ ಹಿಂದೆ ಇರಬೇಕು.

ಮದ್ದೂರಿನ ಸೊಸೆ

ಮೂರು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಹಲಗೆ ಹೊಡೆಸಿದೆವು. ಬಡಗಿ ಬೇಡ ಅಂತ ಮಾವನವರೇ ಕೂತು ಮಾಡಿದರು. ಟೇಬಲ್‌ಗೆ ಚೆನ್ನಾಗಿಯೇ ಕೂರುತ್ತಾಳೆ, ಆದರೆ ಅದು ಭಾನುವಾರ ಮಾತ್ರ. ಮಿಕ್ಕ ದಿನ ಮಣೆ. ಮಣೆ ಸಿಕ್ಕಿದ್ದು ಊರಿನ ಅಟ್ಟದಲ್ಲಿ, ಇವರ ಬಾಲ್ಯದ್ದು, ಮೂಲೆಯಲ್ಲಿ ಇವರು ಮೊಳೆಯಲ್ಲಿ ಗೀಚಿದ ಬಸ್ಸಿನ ಚಿತ್ರ ಇನ್ನೂ ಇದೆ. ಏಳೂವರೆಗೆ ಅದನ್ನು ಎದೆಗೆ ಅವುಚಿಕೊಂಡು ಬಂದು ತಾತನ ಪಕ್ಕ ಧಡ್ ಅಂತ ಬಿಸಾಡುತ್ತಾಳೆ. ಅದೇ ಊಟದ ಗಂಟೆ. ತಾತ ಎಂಟರ ಊಟ ಬಿಟ್ಟು ಏಳೂವರೆಗೆ ಬಂದರು. ಟಿವಿ ಮಾತ್ರ ಬಿಟ್ಟಿಲ್ಲ. ಸದ್ದು ತೆಗೆದು ಬರೀ ಚಿತ್ರ ನೋಡುವುದಕ್ಕೆ ಒಪ್ಪಿದ್ದಾರೆ. ಸದ್ಯಕ್ಕೆ ಇಷ್ಟೇ ರಾಜಿ.

ಮೊದಲ ವಾರ ಶಿರಸಿ ಅಜ್ಜಿ ಹೇಳಿದ ಹಾಗೇ ಆಯಿತು, ನಾಲ್ಕು ನಿಮಿಷಕ್ಕೆ ಎದ್ದು ಓಡುತ್ತಿದ್ದಳು. ನಾನು ಹಿಂದೆ ಹೋಗಲಿಲ್ಲ. ಒಂದು ರಾತ್ರಿ ಹಸಿವು ಅಂತ ಹತ್ತು ಗಂಟೆಗೆ ಎದ್ದಳು. ಹಾಲು ಕೊಟ್ಟೆ. ಸೋತೆ ಅನ್ನಿ. ಈಗ ಹತ್ತು ಹನ್ನೆರಡು ನಿಮಿಷ ಕೂರುತ್ತಾಳೆ. ಅವಳ ಪಾಲಿನ ಬಸ್ಸಾರನ್ನು ಖಾರ, ಉಪ್ಪು ಹಾಕುವ ಮುಂಚೆ ತೆಗೆದಿಡುತ್ತೇನೆ. ಅವಳಿಗೆ ಬೇಕಾಗಿರೋದು ತಾತನ ತಟ್ಟೆಯದ್ದೇ ಆದ್ದರಿಂದ ಅದನ್ನು ತಾತನ ತಟ್ಟೆಯ ಒಂದು ಅಂಚಿಗೆ ಬಡಿಸಿ, ಅಲ್ಲಿಂದ ಕೊಡಿಸುತ್ತೇನೆ. ಮೋಸವೇ, ಆದರೆ ನಡೆಯುತ್ತಿದೆ.

ಅಜ್ಜಿ, ನೀವು ಅತ್ತೆ ಬಗ್ಗೆ ಕೇಳಿದ್ದಕ್ಕೆ ಆವತ್ತು ಉತ್ತರ ಬರೆಯಲಿಲ್ಲ. ಏನು ಬರೆಯಬೇಕೋ ತಿಳಿಯಲಿಲ್ಲ. ಮದುವೆಯಾಗಿ ಬಂದಾಗಿನಿಂದ ಹಾಗೇ ನೋಡಿದ್ದೆ, ಕೇಳಿರಲೇ ಇಲ್ಲ. ಹೋದ ಬುಧವಾರ ಇವಳು ತನ್ನ ಮಣೆ ಇಟ್ಟು, ಅಡುಗೆಮನೆಗೆ ಹೋಗಿ ಅತ್ತೆ ಸೆರಗು ಹಿಡಿದು ಎಳೆದುಕೊಂಡು ಬಂದಳು. "ಅಜ್ಜಿ ಕೂಕೋ." ಅತ್ತೆ "ಆಮೇಲೆ ಪುಟ್ಟಿ, ಬಡಿಸಬೇಕು" ಅಂದರು. ಇವಳು ಬಿಡಲಿಲ್ಲ. ಮಂಡಿ ನೋವು ಅಂತ ಅತ್ತೆ ಗೋಡೆಗೆ ಒರಗಿ ಕಾಲು ಚಾಚಿ ಕೂತರು. ನಾನು ಬಡಿಸಿದೆ. ಮುದ್ದೆಗೆ ಸಾರು ಜಾಸ್ತಿ ಹಾಕಿದೆ ಅಂತ ಬೈಸಿಕೊಂಡೆ.

ಟೇಬಲ್ ಮೇಲಿನ ಪೇಪರ್, ಕರೆಂಟ್ ಬಿಲ್ಲು ಈಗ ಹೈ ಚೇರ್ ಟ್ರೇಗೆ ಬಂದಿದೆ. ಆ ಚೇರನ್ನು ನಾದಿನಿಗೆ ಕೊಡೋಣ ಅಂತಿದ್ದೇವೆ. ಬೆಲ್ಟ್ ಸಂದಿಯಲ್ಲಿ ಅಂಟಿಕೊಂಡ ರಾಗಿ ಕಲ್ಲಾಗಿದೆ. ಅದನ್ನು ಬಿಡಿಸೋದು ಹೇಗೆ, ಯಾರಿಗಾದರೂ ಗೊತ್ತಾ?

ಎರಡು ಮಕ್ಕಳಮ್ಮ, ದಾವಣಗೆರೆ

ಮುದ್ದೆ ಪಾತ್ರೆ ಹೇಗೆ ತೊಳೀತೀರೋ ಹಾಗೇ. ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೇ ಹಲ್ಲುಜ್ಜೋ ಬ್ರಶ್.