ಲಾಕ್, ಪ್ರೊಟೆಕ್ಟ್, ಎಡಿಟ್: ಈ ಮೂರಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಎಕ್ಸೆಲ್ ಬಳಸುವವರಿಗಾಗಿ ಕನ್ನಡದಲ್ಲಿ ಒಂದು ಸಹಾಯ ಟಿಪ್ಪಣಿ ಬರೆಯುತ್ತಿದ್ದೇನೆ. ಅದರಲ್ಲಿ ಹೇಳಬೇಕಾದ್ದು ಇಷ್ಟು: ಹಾಳೆ (ಶೀಟ್) ಪ್ರೊಟೆಕ್ಟ್ ಆಗಿರಬೇಕು, ಸೂತ್ರಗಳನ್ನು ಯಾರೂ ಮುಟ್ಟಬಾರದು. ಆದರೆ ಅದರಲ್ಲಿರುವ ಟೆಕ್ಸ್ಟ್ ಬಾಕ್ಸ್‌ನಲ್ಲಿ ಹಾಳೆ ತುಂಬುವವರು ತಮ್ಮ ಮಾತು ಬರೆಯುವಂತಿರಬೇಕು. ಕೆಲಸ ಸುಲಭ, ಪದಗಳೇ ಕೈಕೊಡುತ್ತಿವೆ.

ಕೆಲಸ ಹೀಗೆ. ಪ್ರೊಟೆಕ್ಟ್ ಮಾಡುವ ಮೊದಲೇ ಬಾಕ್ಸ್‌ನ ಅಂಚಿನ ಮೇಲೆ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಶೇಪ್ ತೆರೆಯಬೇಕು. ಅಲ್ಲಿ ಪ್ರಾಪರ್ಟೀಸ್ ಅನ್ನುವ ಭಾಗದಲ್ಲಿ ‘ಲಾಕ್ಡ್’, ‘ಲಾಕ್ ಟೆಕ್ಸ್ಟ್’ ಅಂತ ಎರಡು ಸಾಲು ಕಾಣುತ್ತವೆ. ಎರಡಕ್ಕೂ ಮೊದಲೇ ಟಿಕ್ ಬಿದ್ದಿರುತ್ತದೆ. ‘ಲಾಕ್ ಟೆಕ್ಸ್ಟ್’ನ ಟಿಕ್ ಮಾತ್ರ ತೆಗೆದು, ಆಮೇಲೆ ಮೇಲಿನ ರಿವ್ಯೂ ಟ್ಯಾಬ್‌ನಲ್ಲಿ ಪ್ರೊಟೆಕ್ಟ್ ಶೀಟ್ ಒತ್ತಿದರೆ ಬಾಕ್ಸ್ ಇದ್ದಲ್ಲೇ ಇರುತ್ತದೆ, ಒಳಗಿನ ಬರಹ ಮಾತ್ರ ಬದಲಾಗುತ್ತದೆ. ಜಾಸ್ತಿ ಜನ ಇದನ್ನು ಬಿಟ್ಟು ಪ್ರೊಟೆಕ್ಟ್ ಶೀಟ್ ಪಟ್ಟಿಯಲ್ಲಿ ‘ಎಡಿಟ್ ಆಬ್ಜೆಕ್ಟ್ಸ್’ಗೆ ಟಿಕ್ ಹಾಕಿಬಿಡುತ್ತಾರೆ. ಆಗ ಹಾಳೆಯ ಚಿತ್ರ, ಚಾರ್ಟ್, ಬಾಕ್ಸ್ ಎಲ್ಲವನ್ನೂ ಯಾರು ಬೇಕಾದರೂ ಎಳೆದಾಡಬಹುದು, ಅಳಿಸಲೂಬಹುದು.

ಈಗ ಪದದ ವಿಷಯ. ‘ಲಾಕ್’ಗೆ ‘ಬೀಗ ಹಾಕು’ ಅನ್ನೋಣ ಅಂದರೆ ಅರ್ಥ ತಪ್ಪುತ್ತದೆ. ಹೊಸ ಹಾಳೆಯ ಪ್ರತಿ ಸೆಲ್ಲೂ (ಅಂದರೆ ಪ್ರತಿ ಚೌಕವೂ) ಲಾಕ್ಡ್ ಆಗಿಯೇ ಇರುತ್ತದೆ, ಆದರೂ ಎಲ್ಲಿ ಬೇಕಾದರೂ ಬರೆಯುತ್ತೇವೆ ಅಲ್ವಾ? ಹಾಳೆಯನ್ನು ಪ್ರೊಟೆಕ್ಟ್ ಮಾಡುವವರೆಗೆ ಆ ಟಿಕ್ ಏನೂ ಮಾಡುವುದಿಲ್ಲ. ಬೀಗವನ್ನು ಚಿಲಕಕ್ಕೆ ಸಿಕ್ಕಿಸಿ ಒತ್ತದೆ ಬಿಟ್ಟ ಹಾಗೆ. ನಾವು ‘ಬೀಗ ಹಾಕಿದೆ’ ಅಂದರೆ ಬಾಗಿಲು ಬಂದಾಯ್ತು ಅಂತಲೇ ಅರ್ಥ. ‘ಕೀಲಿ’ ಇನ್ನೂ ಗೊಂದಲ: ಉತ್ತರ ಕರ್ನಾಟಕದಲ್ಲಿ ಕೀಲಿ ಅಂದರೆ ಬೀಗ, ಬೇರೆ ಕಡೆ ಅದೇ ಬೀಗದ ಕೈ.

ಅದಕ್ಕೇ ಲಾಕ್ ಅನ್ನುವುದನ್ನೇ ಬಿಟ್ಟು, ಆ ಟಿಕ್ ಏನು ಮಾಡುತ್ತದೋ ಅದನ್ನೇ ಹೇಳುವುದು ಒಳ್ಳೆಯದು ಅನಿಸುತ್ತದೆ. ‘ಲಾಕ್ಡ್’ಗೆ ‘ಬಾಕ್ಸ್ ಕದಲಿಸುವಂತಿಲ್ಲ’, ‘ಲಾಕ್ ಟೆಕ್ಸ್ಟ್’ಗೆ ‘ಬರಹ ಬದಲಿಸುವಂತಿಲ್ಲ’. ಎರಡನೆಯದರ ಟಿಕ್ ತೆಗೆಯಿರಿ ಅಂದರೆ ಯಾಕೆ ಅಂತ ಕೇಳುವ ಪ್ರಮೇಯವೇ ಬರುವುದಿಲ್ಲ.

‘ಪ್ರೊಟೆಕ್ಟ್’ಗೆ ‘ರಕ್ಷಣೆ’, ‘ಸಂರಕ್ಷಿತ ಹಾಳೆ’ ಎರಡೂ ಓಡಾಟದಲ್ಲಿವೆ. ನನಗೆ ಎರಡೂ ಒಪ್ಪಿಗೆಯಿಲ್ಲ. ರಕ್ಷಣೆ ಅಂದ ಕೂಡಲೇ ಒಳಗಿನ ಮಾಹಿತಿ ಭದ್ರವಾಗಿದೆ ಅಂತ ಜನ ನಂಬುತ್ತಾರೆ. ಶೀಟ್ ಪ್ರೊಟೆಕ್ಷನ್ ಭದ್ರತೆಗಾಗಿ ಇರುವುದಲ್ಲ ಅಂತ ಮೈಕ್ರೋಸಾಫ್ಟೇ ಹೇಳುತ್ತದೆ. ಕೈತಪ್ಪಿ ಸೂತ್ರ ಅಳಿಸಿಹೋಗದಿರಲಿ ಅಂತ ಇರುವ ವ್ಯವಸ್ಥೆ ಅದು. ಗುಟ್ಟಾಗಿಡಬೇಕಾದ್ದಿದ್ದರೆ ಇಡೀ ಫೈಲನ್ನೇ ಪಾಸ್‌ವರ್ಡ್ ಕೊಟ್ಟು ಎನ್‌ಕ್ರಿಪ್ಟ್ ಮಾಡಬೇಕು, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡಬೇಕು. ಸಂಬಳದ ವಿವರ ಇರುವ ಹಾಳೆಯನ್ನು ‘ಸಂರಕ್ಷಿತ’ ಅಂತ ನಂಬಿ ಯಾರಾದರೂ ಎಲ್ಲರಿಗೂ ಕಳಿಸಿದರೆ, ತಪ್ಪು ನಮ್ಮ ಪದದ್ದೇ. ‘ತಡೆ’ ಅನ್ನುವ ಸಣ್ಣ ಪದ ಸಾಕಲ್ಲವೇ? ಹಾಳೆಗೆ ತಡೆ ಹಾಕಿ, ತಡೆ ತೆಗೆಯಿರಿ. ತಡೆ ಇರುವಾಗ ಬರಹ ಬದಲಿಸುವಂತಿಲ್ಲ. ಓದಿದರೆ ಸಲೀಸಾಗಿದೆ.

ಉಳಿದದ್ದು ‘ಎಡಿಟ್’. ವಿಕಿಪೀಡಿಯದಿಂದಾಗಿ ‘ಸಂಪಾದಿಸು’ ರೂಢಿಗೆ ಬಂದಿದೆ, ಆದರೆ ಹಾಳೆಯ ಮುಂದೆ ಕೂತವರಿಗೆ ಅದು ದುಡ್ಡು ಸಂಪಾದಿಸುವುದನ್ನೇ ನೆನಪಿಸುತ್ತದೆ. ‘ತಿದ್ದು’ ಚೆಂದದ ಪದ, ಆದರೆ ಬಾಕ್ಸ್ ಖಾಲಿ ಇದ್ದಾಗ ತಿದ್ದುವುದೇನನ್ನು? ಅಲ್ಲಿ ಮಾಡುವುದು ಬರೆಯುವ ಕೆಲಸ. ಖಾಲಿ ಬಾಕ್ಸಿಗೂ ತುಂಬಿದ ಬಾಕ್ಸಿಗೂ ಒಪ್ಪುವ ಒಂದೇ ಪದ ನಿಮ್ಮ ಬಳಕೆಯಲ್ಲಿದೆಯೇ? ‘ತಡೆ’ ಬಗ್ಗೆಯೂ ಏನನಿಸಿತು ಹೇಳಿ. ಇದಕ್ಕಿಂತ ಒಳ್ಳೆಯದು ಸಿಕ್ಕರೆ ಅದನ್ನೇ ಹಾಕುತ್ತೇನೆ.