ದಮ್ಮಿನ ಅಟ್ಯಾಕು, ಕ್ಯಾಟ್ ಅಂಕ: ಎರಡನ್ನೂ ಒಟ್ಟಿಗೆ ಲೆಕ್ಕ ಹಾಕೋದು ಹೇಗೆ?

ತೊಗರಿಕಣಜ:
ಕಲಬುರಗಿಯಲ್ಲಿ ಎಂ.ಡಿ. ಓದುತ್ತಿದ್ದೇನೆ. ಥೀಸಿಸ್ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ) ಮೇಲೆ. 64 ಜನ, ಹೆಚ್ಚಿನವರು ದಾಲ್ ಮಿಲ್‌ನಲ್ಲಿ ದುಡಿದವರು. ಒಂದು ವರ್ಷದಲ್ಲಿ ದಮ್ಮು ಜಾಸ್ತಿಯಾಗಿ ಬಂದ ತಾರೀಖುಗಳಿವೆ, ಮೂರು ತಿಂಗಳಿಗೊಮ್ಮೆ ತೆಗೆದ ಕ್ಯಾಟ್ ಅಂಕವೂ ಇದೆ (ಕಾಯಿಲೆ ದಿನದ ಬದುಕನ್ನು ಎಷ್ಟು ಕಾಡುತ್ತಿದೆ ಅಂತ ಕೇಳುವ 8 ಪ್ರಶ್ನೆ, 0ಯಿಂದ 40, ಅಂಕ ಏರಿದಷ್ಟೂ ತೊಂದರೆ ಜಾಸ್ತಿ). 5 ಜನ ನಡುವೆಯೇ ತೀರಿಕೊಂಡರು. ಗೈಡ್ ಸರ್ "ಅಟ್ಯಾಕ್ ಎಣಿಸು, ಅಂಕದ ಸರಾಸರಿ ತೆಗೆ, ಮುಗೀತು" ಅಂತಾರೆ. ಆದರೆ ಜೀವನ ಕೆಟ್ಟಿದ್ದಕ್ಕೆ ಅಟ್ಯಾಕೋ, ಅಟ್ಯಾಕಿನಿಂದ ಜೀವನ ಕೆಟ್ಟಿತೋ, ಅದರಲ್ಲಿ ಗೊತ್ತಾಗೋದೇ ಇಲ್ಲ ಅಲ್ವಾ?

ಲೆಕ್ಕದ_ಮೇಷ್ಟ್ರು:
ಬರೀ ಎಣಿಸಿದರೆ ಒಂದೇ ತಿಂಗಳಲ್ಲಿ ಮೂರು ಸಲ ಬಂದವನೂ ವರ್ಷಪೂರ್ತಿ ಹರಡಿ ಮೂರು ಸಲ ಬಂದವನೂ ಒಂದೇ ಆಗಿಬಿಡ್ತಾರೆ. ಮೊದಲು ಡೇಟಾ ಹೀಗೆ ಬರೆಯಿರಿ. ಒಬ್ಬರಿಗೆ 40ನೇ ದಿನ, 95ನೇ ದಿನ ಅಟ್ಯಾಕ್ ಆಗಿದ್ದರೆ ಮೂರು ಸಾಲು: 0ಯಿಂದ 40 ಅಟ್ಯಾಕ್, 40ರಿಂದ 95 ಅಟ್ಯಾಕ್, 95ರಿಂದ 365 ಏನೂ ಇಲ್ಲ. ಮತ್ತೆ ಮತ್ತೆ ಆಗುವ ಘಟನೆಗಳನ್ನು ಲೆಕ್ಕ ಹಾಕೋಕೆ ಇದು 1982ರ ಆಂಡರ್ಸನ್-ಗಿಲ್ ದಾರಿ. ಒಬ್ಬನದೇ ಅಟ್ಯಾಕ್‌ಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಅದಕ್ಕೆ ರೋಬಸ್ಟ್ ಸ್ಟ್ಯಾಂಡರ್ಡ್ ಎರರ್ (ಆ ಅಂಟನ್ನು ಗಮನಿಸಿ ತಿದ್ದಿದ ದೋಷದ ಅಂದಾಜು) ಹಾಕಿ, ಇಲ್ಲವೇ ಫ್ರೇಲ್ಟಿ (ಕೆಲವರಿಗೆ ಅಟ್ಯಾಕ್ ಆಗುವ ಸಾಧ್ಯತೆಯೇ ಜಾಸ್ತಿ ಅನ್ನೋದನ್ನು ಹಿಡಿಯುವ ಅಂಶ).

ಈಗ ಅಂಕ. ಹಿಂದಿನ ಭೇಟಿಯ ಅಂಕವನ್ನೇ ಸುಮ್ನೆ ಕಾಕ್ಸ್ ಮಾಡೆಲ್‌ಗೆ (ಅಟ್ಯಾಕಿನ ಅಪಾಯ ಯಾವುದರಿಂದ ಎಷ್ಟು ಏರಿಳಿಯುತ್ತೆ ಅಂತ ಅಳೆಯುವ ಲೆಕ್ಕ) ತುಂಬಿದರೆ, ಮೂರು ತಿಂಗಳು ಅದು ಅಲ್ಲಾಡಲೇ ಇಲ್ಲ ಅಂತ ಒಪ್ಪಿದ ಹಾಗೆ. ಅಳತೆಯ ತಪ್ಪೂ ಸೇರಿ ಸಾಮಾನ್ಯವಾಗಿ ಪರಿಣಾಮ ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಜಾಯಿಂಟ್ ಮಾಡೆಲ್‌ನಲ್ಲಿ ಅಂಕಕ್ಕೊಂದು ಮಿಕ್ಸ್‌ಡ್ ಮಾಡೆಲ್ (ಒಬ್ಬೊಬ್ಬರ ಅಂಕ ದಿನ ಕಳೆದಂತೆ ಹೇಗೆ ಬದಲಾಯಿತು ಅಂತ), ಅಟ್ಯಾಕಿಗೊಂದು ಹಜಾರ್ಡ್ ಮಾಡೆಲ್ (ಆಯಾ ಹೊತ್ತಿಗೆ ಅಟ್ಯಾಕಿನ ಅಪಾಯ ಎಷ್ಟು ಅಂತ), ಎರಡನ್ನೂ ರೋಗಿಯ ರ್‍ಯಾಂಡಮ್ ಎಫೆಕ್ಟ್ (ಆ ರೋಗಿಗೇ ಇರುವ ಏರುಪೇರು) ಕಟ್ಟಿಹಾಕುತ್ತದೆ. ಆರ್ ಸಾಫ್ಟ್‌ವೇರ್‌ನಲ್ಲಿ ಫ್ರೇಲ್ಟಿಪ್ಯಾಕ್ ಅನ್ನೋ ಪ್ಯಾಕೇಜ್ ನೋಡಿ, ಸಾವನ್ನೂ ಮೂರನೇ ಭಾಗವಾಗಿ ಸೇರಿಸಬಹುದು. ತೀರಿಕೊಂಡವರನ್ನು ಊರು ಬಿಟ್ಟು ಹೋದವರಂತೆ ಸೆನ್ಸಾರ್ ಮಾಡಬೇಡಿ (ಮುಂದೇನಾಯ್ತೋ ಗೊತ್ತಿಲ್ಲ ಅಂತ ಅಲ್ಲಿಗೇ ಲೆಕ್ಕ ನಿಲ್ಲಿಸಬೇಡಿ). ತುಂಬಾ ಕೆಟ್ಟಿದ್ದವರೇ ಲೆಕ್ಕದಿಂದ ಜಾರಿ, ಉಳಿದವರ ಅಂಕ ಚೆನ್ನಾಗಿ ಕಾಣುತ್ತದೆ.

ಬೀದರ್_ಬಿಸಿಲು:
ಮೇಷ್ಟ್ರು ಹೇಳಿದ್ದು ಸರಿ, ಆದರೆ 5 ಸಾವಿಗೆ ಮೂರು ಭಾಗದ ಮಾಡೆಲ್ ಭಾರ ಆಗುತ್ತೆ, ಕನ್ವರ್ಜ್ ಆಗದೆ (ಲೆಕ್ಕ ಒಂದು ಉತ್ತರಕ್ಕೆ ಬಂದು ನಿಲ್ಲದೆ) ರಾತ್ರಿಯೆಲ್ಲ ಕೂರಿಸುತ್ತೆ. ಎರಡು ಭಾಗ ಸಾಕು, ಸಾವನ್ನು ಪ್ರತ್ಯೇಕ ಹೇಳಿ. ಕ್ಯೂ-ಟ್ವಿಸ್ಟ್ ವಿಧಾನದ ಥರ, ಬದುಕು ಎಷ್ಟು ಚೆನ್ನಾಗಿತ್ತು ಅಂತ ನೋಡಿ ದಿನಗಳಿಗೆ ತೂಕ ಕೊಡೋ ಆಸೆ ಇದ್ದರೆ ಈಗಲೇ ಬಿಡಿ. ಅದಕ್ಕೆ ಯುಟಿಲಿಟಿ (ಸಾವಿಗೆ 0, ಪೂರ್ತಿ ಆರೋಗ್ಯಕ್ಕೆ 1 ಅನ್ನೋ ಅಳತೆ) ಬೇಕು, ಇಕ್ಯೂ-5ಡಿ ಪ್ರಶ್ನಾವಳಿ ಇದ್ದರೆ ಆಗುತ್ತಿತ್ತು, ಕ್ಯಾಟ್ ಯುಟಿಲಿಟಿ ಅಲ್ಲ.

ಸಿಸ್ಟರ್_ಯಾದಗಿರಿ:
ನನಗೆ ಮಾಡೆಲ್ ಗೊತ್ತಿಲ್ಲ ಸರ್, ಫಾರ್ಮ್ ತುಂಬಿಸಿದ್ದು ಗೊತ್ತು. ಮೂರು ತಿಂಗಳ ಭೇಟಿಗೆ ಬರದವರು ದಮ್ಮು ಹತ್ತಿದಾಗ ಬರ್ತಾರೆ, ನೆಬುಲೈಸರ್ ಮಾಸ್ಕ್ ಮುಖದ ಮೇಲಿರುವಾಗಲೇ "ಮೆಟ್ಟಿಲು ಹತ್ತೋಕಾಗುತ್ತಾ" ಅಂತ ಕೇಳಿ ಬರೆದುಬಿಡ್ತೀವಿ. ತೊಗರಿ ರಾಶಿ ಟೈಮಲ್ಲಂತೂ ಆರಾಮ ಇದ್ದವರು ಯಾರೂ ಆಸ್ಪತ್ರೆ ಕಡೆ ತಲೆ ಹಾಕಲ್ಲ.

ಲೆಕ್ಕದ_ಮೇಷ್ಟ್ರು:
ಸಿಸ್ಟರ್, ನಾನು ಬರೆದದ್ದಕ್ಕಿಂತ ಇದು ದೊಡ್ಡ ಮಾತು. ಅಂಕ ಯಾವಾಗ ಸಿಗುತ್ತೆ ಅನ್ನೋದನ್ನೇ ಅಟ್ಯಾಕ್ ತೀರ್ಮಾನ ಮಾಡಿದರೆ ಜಾಯಿಂಟ್ ಮಾಡೆಲ್ಲೂ ದಾರಿ ತಪ್ಪುತ್ತದೆ. ನಿಗದಿ ಭೇಟಿಯದ್ದು ಯಾವುದು, ಅಟ್ಯಾಕ್ ದಿನದ್ದು ಯಾವುದು ಅಂತ ಒಂದು ಕಾಲಂ ಹಾಕಿ.

ತೊಗರಿಕಣಜ:
ರಿಜಿಸ್ಟರ್ ತೆಗೆದು ನೋಡಿದೆ. 23 ಅಂಕಗಳ ತಾರೀಖು ಅಟ್ಯಾಕ್ ತಾರೀಖೇ. ಸೋಮವಾರ ಗೈಡ್ ಸರ್ ಮುಂದೆ ಅದನ್ನೇ ಮೊದಲು ಇಡ್ತೀನಿ.